ಮುಟ್ಟಿದ್ದಕ್ಕೆ ಸಹಿ

ಸ್ನಾನ ಮಾಡುವಾಗ ಸರಿಯಾಗಿದ್ದ ವಾಕ್ಯ ಸೀರೆ ಉಡುವ ಹೊತ್ತಿಗೆ ಸರಿಯಾಗಿರಲಿಲ್ಲ. ‘ಆ ಹುಡುಗಿಗೆ ನಾವು ಬಹುಮಾನದ ಹಣ ಕೊಟ್ಟಿಲ್ಲ’ ಎಂದು ಮೈಮೇಲೆ ನೀರು ಸುರಿದುಕೊಳ್ಳುತ್ತ ನಂದಾ ಗಟ್ಟಿಯಾಗಿಯೇ ಹೇಳಿ ನೋಡಿದ್ದಳು. ನೀರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವ ಹಾಗಿರಲಿಲ್ಲ. ನೆರಿಗೆ ಹಿಡಿಯುವಾಗ ‘ನಾವು’ ಹೋಯಿತು. ‘ಹಣ ಸಂದಾಯವಾಗಿಲ್ಲ’ ಎಂದರೆ ಯಾರ ಬೆರಳೂ ಯಾರ ಕಡೆಗೂ ಹೋಗುವುದಿಲ್ಲ. ಪಿನ್ನು ಚುಚ್ಚಿ ಸೆರಗು ಕೂರಿಸಿಕೊಂಡಾಗ ಅದು ‘ಸಂದಾಯವಾಗುವುದರಲ್ಲಿ ಸ್ವಲ್ಪ ತಡವಾಗಿದೆ’ ಎಂದಾಗಿತ್ತು. ಎಂಟು ತಿಂಗಳಿಗೆ ಸ್ವಲ್ಪ ಎನ್ನಬಹುದೇ ಎಂದು ಕನ್ನಡಿಯೊಳಗಿನ ತನ್ನ ಮುಖವನ್ನೇ ಕೇಳುವವಳಂತೆ ನೋಡಿ, ಹಾಗೆ ನೋಡಿದ್ದಕ್ಕೆ ನಾಚಿ, ಬಾಚಣಿಗೆ ಕೆಳಗಿಟ್ಟಳು. ಹೊರಗೆ ಪತ್ರಿಕೆ ಹರಡಿಕೊಂಡು ಕುಳಿತಿದ್ದ ಗಂಡ ಸೋಮಲಿಂಗ ತಲೆಯೆತ್ತದೆ ಕೇಳಿದ.

“ರವಿವಾರನೂ ಹೊಂಟ್ಯಾ?”

“ಹುಕ್ಕೇರಿಯೊಳಗ ಜನರಲ್ ಬಾಡಿ ಮೀಟಿಂಗ್ ಐತಿ.”

“ಪಗಾರ ಇಲ್ಲದ ನೌಕರಿಗೆ ನೀ ಹಾಕೋವಷ್ಟು ಹಾಜರಿ ಪಗಾರ ತಗೊಳ್ಳೋರೂ ಹಾಕೂದಿಲ್ಲ ನೋಡು. ಅಲ್ಲಿಂದ ಬರೂವಾಗ ಏನರ ತರ್ತಿಯೇನು ಅಂದ್ರ ತಲಿನೋವು ಒಂದ ತರ್ತಿ.”

ಅವಳು ನಕ್ಕಳು. ನಗುವ ಜಾಗದಲ್ಲಿ ನಗುವುದು ಅವಳಿಗೆ ರೂಢಿ. ಈಗ ಹೇಳಿಬಿಡಬಹುದಾಗಿತ್ತು, ಇವತ್ತು ಅಲ್ಲಿ ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ ಎಂದು. ಅವನು ಪತ್ರಿಕೆಯ ಹಾಳೆ ಮಗುಚಿದ. ಅವಳು ಚಪ್ಪಲಿ ಮೆಟ್ಟಿದಳು.

ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಮಡಿಲಲ್ಲಿದ್ದ ಚೀಲದೊಳಗೆ ಅಖಿಲ ಭಾರತ ಗ್ರಾಮೀಣ ಚೆಸ್ ಪರಿಷತ್ತಿನ ವರ್ಷದ ಲೆಕ್ಕಪತ್ರ, ಅದರ ಕೆಳಗೆ ಮೂವತ್ತಾರು ವೋಚರುಗಳು. ಪ್ರತಿಯೊಂದರಲ್ಲೂ ಎಡಗಡೆ ರೆವಿನ್ಯೂ ಸ್ಟ್ಯಾಂಪಿನ ಮೇಲೆ ಗೆದ್ದವರ ಸಹಿ, ಬಲಗಡೆ ‘ಗೌರವ ಖಜಾಂಚಿ’ ಎಂಬ ಅಚ್ಚಿನ ಮೇಲೆ ಅವಳ ಸಹಿ. ಹನ್ನೊಂದು ರಾಜ್ಯಗಳಲ್ಲಿ ಶಾಖೆಗಳಿರುವ ಪರಿಷತ್ತಿನ ಪ್ರಧಾನ ಕಚೇರಿ ಎಂದರೆ ಹುಕ್ಕೇರಿಯ ಒಂದು ಮುದ್ರಣಾಲಯದ ಮೇಲಿನ ಕೋಣೆ. ಮುದ್ರಣಾಲಯ ಕಾರ್ಯದರ್ಶಿ ಪರಶುರಾಮನದು. ಅಧ್ಯಕ್ಷ ಅಣ್ಣಾಸಾಹೇಬರಿಗೆ ಸಂಕೇಶ್ವರದಿಂದ ಬಂದುಹೋಗಲು ಹತ್ತಿರ. ನಾಲ್ಕು ವರ್ಷದ ಹಿಂದೆ ಇಬ್ಬರೂ ಗೋಕಾಕದಲ್ಲಿ ಅವಳು ಪಾಠ ಮಾಡುವ ಕಾಲೇಜಿಗೇ ಬಂದು, ವಾಣಿಜ್ಯ ವಿಭಾಗದ ಮುರಿದ ಕುರ್ಚಿಗಳ ಮೇಲೆ ಜೋಪಾನವಾಗಿ ಕುಳಿತು, “ಮೇಡಮ್ಮಾರ, ಚೆಸ್ ಆಡೋರು ನಮ್ಮಲ್ಲಿ ಭಾಳ ಮಂದಿ ಅದಾರ. ಲೆಕ್ಕ ಬರೆಯೋರು ಬೇಕಾಗ್ಯಾರ. ಹೆಣ್ಮಕ್ಕಳು ಖಜಾಂಚಿ ಆದ್ರ ಯಾರೂ ಸಂಶೆ ಪಡೂದಿಲ್ಲ” ಎಂದಿದ್ದರು. ಆ ಕೊನೆಯ ಮಾತು ಅಂದು ಅವಳಿಗೆ ಹೊಗಳಿಕೆಯಾಗಿ ಕೇಳಿಸಿತ್ತು. ಚೆಸ್ ಅವಳಿಗೆ ಬರುತ್ತಿರಲಿಲ್ಲ. ಕಾಯಿಗಳು ಹೇಗೆ ನಡೆಯುತ್ತವೆ ಎಂಬುದನ್ನು ನಿಯಮಾವಳಿ ಓದಿ ಕಲಿತಳು. ಆಡುವ ಧೈರ್ಯ ಇವತ್ತಿಗೂ ಬಂದಿಲ್ಲ. ಅವಳಿಗೆ ಹಿಡಿಸಿದ್ದು ಆಟದ ಕೋಣೆಯ ಮೌನ. ಇನ್ನೂರು ಮಕ್ಕಳು, ನೂರು ಹಲಗೆ, ಒಂದು ಕೆಮ್ಮು ಕೂಡ ಇಲ್ಲ. ಅಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು ಕೈಗಳನ್ನು ನೋಡುತ್ತಿದ್ದಳು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು ಎಂಬುದು ಆಟದ ನಿಯಮ. ಒಂದು ಕೈ ಆನೆಯ ಮೇಲೆ ಹೋಗಿ ನಿಂತು, ಮುಟ್ಟದೆ ಹಿಂದೆ ಬರುವುದನ್ನು ನೋಡಿದಾಗ ಎದೆಯಲ್ಲಿ ಏನೋ ಸಡಿಲವಾಗುತ್ತಿತ್ತು. ತರಗತಿಯಲ್ಲೂ ಮನೆಯಲ್ಲೂ ಸಿಗದ ಈ ಸುಖಕ್ಕಾಗಿ ಎಷ್ಟು ಕಾಗದಕ್ಕೆ ಬೇಕಾದರೂ ಸಹಿ ಹಾಕಬಹುದು ಅನ್ನಿಸುತ್ತಿತ್ತು. ಹಾಕಿದ್ದಳು ಕೂಡ.

ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರು ಎರಡು ಟ್ರೇಲರು ಎಳೆದುಕೊಂಡು ಬಂದಿತು. ಬಸ್ಸು ಮಣ್ಣಿಗಿಳಿದು ನಿಂತಿತು. ಮೂಡಲಗಿಯಲ್ಲೂ ಅಂದು ಹೀಗೆಯೇ ಪಂದ್ಯ ನಡೆಯುತ್ತಿದ್ದ ಮಂಗಲ ಕಾರ್ಯಾಲಯದ ಹೊರಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಅವುಗಳ ಹಾಡಿನ ಅಬ್ಬರಕ್ಕೆ ಆಟ ಕೆಡುತ್ತದೆ ಎಂದು ಪರಶುರಾಮ ಎರಡೆರಡು ಸಲ ಹೊರಗೋಡಿ ಚಾಲಕರಿಗೆ ಕೈಮುಗಿದಿದ್ದ. ಮಾರ್ಚ್ ತಿಂಗಳು. ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ದಿನ. ಬಹುಮಾನದ ದುಡ್ಡು ಕೊಡುತ್ತೇನೆಂದಿದ್ದ ದಾನಿ ಬೆಳಗ್ಗೆಯಿಂದ ಫೋನು ಎತ್ತುತ್ತಿರಲಿಲ್ಲ. ವೇದಿಕೆಯ ಮೇಲೆ ಖಾಲಿ ಲಕೋಟೆ ಕೊಡುವುದು ಪರಿಷತ್ತಿನಲ್ಲಿ ಮೊದಲಿನಿಂದಲೂ ನಡೆದುಬಂದಿತ್ತು: ಫೋಟೋ ಆಗಲಿ, ದುಡ್ಡು ಆಮೇಲೆ ಬ್ಯಾಂಕಿಗೆ. ಅದಕ್ಕೆ ನಂದಾ ತನ್ನದೊಂದು ಅಚ್ಚುಕಟ್ಟು ಸೇರಿಸಿದ್ದಳು. ಮಕ್ಕಳು ಊರಿಗೆ ಹೋದಮೇಲೆ ಬಿಹಾರದಿಂದ, ಒಡಿಶಾದಿಂದ ರಸೀದಿ ತರಿಸಿಕೊಳ್ಳುವುದರೊಳಗೆ ಲೆಕ್ಕಪರಿಶೋಧಕರು ಜೀವ ತಿನ್ನುತ್ತಿದ್ದರು. ಆದ್ದರಿಂದ ವೇದಿಕೆಯಿಂದ ಇಳಿಯುವ ಮೆಟ್ಟಿಲ ಬಳಿಯೇ ಮೇಜು ಹಾಕಿಕೊಂಡು ಕುಳಿತು, ‘ನಗದಾಗಿ ಮುಟ್ಟಿದೆ’ ಎಂದು ಮೊದಲೇ ಬರೆದಿಟ್ಟ ವೋಚರಿಗೆ ಆಗಲೇ ಸಹಿ ತೆಗೆದುಕೊಳ್ಳುತ್ತಿದ್ದಳು. ಮೂರು ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ವಾರದೊಳಗೆ ದುಡ್ಡು ಹೋಗುತ್ತಿತ್ತು. ಎಷ್ಟು ಚೊಕ್ಕ ಕೆಲಸ ಎಂದು ಲೆಕ್ಕಪರಿಶೋಧಕರು ಎಲ್ಲರೆದುರು ಹೇಳಿದ್ದರು. ಆ ಮಾತನ್ನು ಅವಳು ಮನೆಗೆ ಬಂದು ಸೋಮಲಿಂಗನಿಗೆ ಹೇಳಿ, ಅವನು ಹೂಂ ಎಂದು ಟೀವಿಯ ಕಡೆ ತಿರುಗಿದ ಮೇಲೂ ಮನಸ್ಸಿನಲ್ಲಿ ಇನ್ನೊಂದು ಸಲ ಹೇಳಿಕೊಂಡಿದ್ದಳು.

ಆದರೆ ಲಕೋಟೆಯೊಳಗೆ ಹಾಳೆ ಮಡಿಚಿ ಇಟ್ಟಿದ್ದು ಯಾಕೆ? ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ತೆಳ್ಳಗಿನ ಲಕೋಟೆ ಫೋಟೋದಲ್ಲಿ ಬಾಡಿದ ಹಾಗೆ ಕಾಣುತ್ತದೆ ಎಂದು ತಾನೇ ಅಂದುಕೊಂಡು, ಆಟದ ನಡೆ ಬರೆಯುವ ಸ್ಕೋರ್‌ಶೀಟುಗಳಲ್ಲಿ ಉಳಿದವನ್ನು ನೋಟಿನ ಅಳತೆಗೆ ಕತ್ತರಿಸಿ, ಮೂವತ್ತಾರು ಲಕೋಟೆಗೂ ತುಂಬಿದ್ದಳು. ಹದಿನೇಳರ ಒಳಗಿನ ಹುಡುಗಿಯರಲ್ಲಿ ಗೆದ್ದವಳು ಕುಲಗೋಡದ ಸಂಘಮಿತ್ರಾ. ಇಪ್ಪತ್ತೈದು ಸಾವಿರ. ತಾಯಿ ಗುಡ್ಡವ್ವ ಕೂಲಿ ಬಿಟ್ಟು ಬಂದಿದ್ದಳು. ಮಗಳ ಕೈಯಿಂದ ಲಕೋಟೆ ಇಸಿದುಕೊಂಡು ಮೆಟ್ಟಿಲ ಮೇಲೆಯೇ ಒಡೆದು ನೋಡಿ, “ಅಕ್ಕೋರ, ಇದರಾಗ ಬರೇ ಹಾಳಿ ಐತೆಲ್ರಿ” ಎಂದಳು. ಹಿಂದೆ ನಿಂತವರು ನಕ್ಕರು. ನಂದಾಳ ಕಿವಿ ಬಿಸಿಯಾಯಿತು. “ಅದು ಫೋಟೋಕ್ಕ ಅಷ್ಟ ಅವ್ವಾ. ರೊಕ್ಕ ನಿಮ್ಮ ಖಾತೇಕ ಬರ್ತೈತಿ” ಎಂದು ವೋಚರು ಮುಂದೆ ಸರಿಸಿದಳು. ಮಗಳು ಅಪ್ರಾಪ್ತೆ, ಪಾಲಕರ ಸಹಿ ಬೇಕು. ಗುಡ್ಡವ್ವ ಪೆನ್ನು ಹಿಡಿದು ಮಗಳ ಮುಖ ನೋಡಿದಳು. “ಮಾಡವ್ವ, ಇಲ್ಲಿ ಆಟ ಮುಗಿದ ಮ್ಯಾಲ ಸ್ಕೋರ್‌ಶೀಟಿಗೆ ಸೋತೋರೂ ಸಹಿ ಮಾಡ್ತಾರ” ಎಂದಳು ಸಂಘಮಿತ್ರಾ. ಮಹಿಳಾ ಸಂಘದಲ್ಲಿ ಕಲಿತ ಸಹಿಯನ್ನು ಗುಡ್ಡವ್ವ ಒಂದೊಂದೇ ಅಕ್ಷರ ಜೋಡಿಸಿ, ಸ್ಟ್ಯಾಂಪಿನ ಅಂಚು ದಾಟದ ಹಾಗೆ ಅಷ್ಟು ಎಚ್ಚರದಿಂದ ಬರೆದಳು.

ದಾನಿ ಕೈಕೊಟ್ಟಮೇಲೆ ಹೊರಗಿನ ರಾಜ್ಯದವರಿಗೆ ಕಷ್ಟಪಟ್ಟು ಹೊಂದಿಸಿ ಕೊಟ್ಟದ್ದಾಯಿತು. ಹೆಸರು ಕೆಡಬಾರದಲ್ಲ. ಜಿಲ್ಲೆಯ ನಾಲ್ವರದು ಉಳಿಯಿತು. “ನಮ್ಮವರಾ ಅದಾರ, ತಡಾ ಆದ್ರ ನಡೀತೈತಿ” ಎಂದಿದ್ದರು ಅಣ್ಣಾಸಾಹೇಬರು. ಮೂವರ ಅಪ್ಪಂದಿರು ಒಬ್ಬೊಬ್ಬರಾಗಿ ಸಂಕೇಶ್ವರಕ್ಕೆ ಹೋಗಿ, ಸಾಹೇಬರ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು ಬಂದರು, ಅವರಿಗೆ ಮುಟ್ಟಿತು. ಸಂಘಮಿತ್ರಾಳ ಅಪ್ಪ ಯಲ್ಲಾರಿ ಹೋಗಲಿಲ್ಲ. ಆ ಪಡಸಾಲೆಯಲ್ಲಿ ಅವನು ಎಲ್ಲಿ ಕೂರಬೇಕಾಗುತ್ತಿತ್ತು ಎಂಬುದು ನಂದಾಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಏಪ್ರಿಲಿನಲ್ಲಿ ಪಾಸ್‌ಬುಕ್ಕಿನ ಝೆರಾಕ್ಸ್ ಬೇಕೆಂದು ಅವಳೇ ಕುಲಗೋಡಕ್ಕೆ ಹೋಗಿದ್ದಳಲ್ಲ. ಬಾಬಾಸಾಹೇಬರ ಚಿತ್ರ, ಅದರ ಕೆಳಗೆ ಗೂಟಕ್ಕೆ ನೇತುಹಾಕಿದ ಪ್ಲಾಸ್ಟಿಕ್ಕಿನ ಚೆಸ್ ಹಾಸು. ಗುಡ್ಡವ್ವ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತು, “ಕುಡೀತೀರೇನ್ರಿ?” ಎಂದು ಕೇಳಿದಳು. ನಂದಾ ಬಾಯಿ ಸುಡುವುದನ್ನೂ ನೋಡದೆ ಗಟಗಟ ಕುಡಿದಳು. ಕುಡಿದಮೇಲೆ, ತಾನು ಕುಡಿದೆನೆಂಬ ಹೆಮ್ಮೆ ಗಂಟಲಲ್ಲಿ ಚಹಾಕ್ಕಿಂತ ಹೆಚ್ಚು ಹೊತ್ತು ಉಳಿಯಿತು. ಬಸ್ಸಿನಲ್ಲಿ ವಾಪಸು ಬರುವಾಗ ಆ ಹೆಮ್ಮೆಯನ್ನು ಹಿಡಿದು ನೋಡಿ, ಯಾರೋ ತನ್ನ ಕೈಯಲ್ಲಿ ಕದ್ದ ವಸ್ತು ಕಂಡುಹಿಡಿದ ಹಾಗೆ ಬೆವರಿದ್ದಳು.

ತನ್ನ ಸ್ವಂತದ ದುಡ್ಡು ಹಾಕಿಬಿಡಬಹುದಾಗಿತ್ತು. ಹಾಕುವ ದಿನ ಬಂದೂ ಬಂದಿತ್ತು, ಆಗಸ್ಟಿನಲ್ಲಿ. ಮೊಬೈಲಿನಲ್ಲಿ ಸಂಖ್ಯೆ ಒತ್ತಿ, ಹೆಸರು ಸರಿಯಿದೆಯೇ ಎಂದು ನೋಡಿ, ಬೆರಳು ನಿಂತಿತ್ತು. ಹಾಕಿದ ದುಡ್ಡಿಗೆ ತಾರೀಖು ಬರುತ್ತದೆ. ಮಾರ್ಚಿನಲ್ಲಿ ನಗದಾಗಿ ಮುಟ್ಟಿದ್ದು ಆಗಸ್ಟಿನಲ್ಲಿ ಬ್ಯಾಂಕಿನಿಂದ ಇನ್ನೊಮ್ಮೆ ಯಾಕೆ ಹೋಯಿತು? ಲೆಕ್ಕಪರಿಶೋಧಕರು ಲೆಕ್ಕಪತ್ರವನ್ನು ಜೂನಿನಲ್ಲೇ ಪಾಸು ಮಾಡಿದ್ದರು. ವೋಚರು ಸುಳ್ಳಾದರೆ ಅದೊಂದೇ ಸುಳ್ಳಾಗುವುದಿಲ್ಲ, ಮೂವತ್ತಾರೂ ಸುಳ್ಳಾಗುತ್ತವೆ, ಹಿಂದಿನ ಮೂರು ವರ್ಷದವೂ. ಸೋಮವಾರ ಬೆಳಗ್ಗೆ ಹತ್ತಕ್ಕೆ ಅವಳು ಬಿ.ಕಾಂ. ಮೊದಲ ವರ್ಷದವರಿಗೆ ಲೆಕ್ಕಪರಿಶೋಧನೆಯಲ್ಲಿ ವೋಚರಿನ ಮಹತ್ವ ಎಂಬ ಪಾಠ ಮಾಡಬೇಕು.

ಸಂಘಮಿತ್ರಾ ಹದಿನೈದು ದಿನದ ಹಿಂದೆ ಪರಿಷತ್ತಿಗೆ ಪತ್ರ ಬರೆದಿದ್ದಳು. ಹನ್ನೊಂದು ರಾಜ್ಯಗಳ ಕಾರ್ಯದರ್ಶಿಗಳಿಗೂ ಅದರ ಫೋಟೋ ಕಳಿಸಿದ್ದಳು.

ಸಭೆ ಮುದ್ರಣಾಲಯದ ಪಕ್ಕದ ಸಹಕಾರಿ ಸಂಘದ ಸಭಾಂಗಣದಲ್ಲಿತ್ತು. ಬಾಗಿಲಲ್ಲೇ ಪರಶುರಾಮ ಸಿಕ್ಕು, “ಮೇಡಮ್ಮಾರ, ಊಟಕ್ಕ ಎಷ್ಟು ಮಂದಿ ಆಗ್ತಾರ ಸ್ವಲ್ಪ ನೋಡ್ರಿ, ಅಡಗಿಯವ ಕೇಳಾಕತ್ತಾನ” ಎಂದ. ಅವಳು ತಲೆ ಎಣಿಸಿದಳು. ಇಪ್ಪತ್ತೆರಡು. ಕೊನೆಯ ಸಾಲಿನಲ್ಲಿ ಗುಡ್ಡವ್ವ, ಅವಳ ಬಾಜೂ ಸಂಘಮಿತ್ರಾ. ಅವರನ್ನು ಊಟಕ್ಕೆ ಸೇರಿಸಬೇಕೋ ಬೇಡವೋ ತಿಳಿಯದೆ ಒಂದು ಗಳಿಗೆ ನಿಂತು, ಇಪ್ಪತ್ನಾಲ್ಕು ಎಂದು ಹೇಳಿದಳು. ಹೇಳಿದ್ದು ಒಳ್ಳೆಯ ಕೆಲಸ ಎಂಬಂತೆ ಸ್ವಲ್ಪ ಸಮಾಧಾನವಾಯಿತು. ಇಂಥ ಸಮಾಧಾನಗಳಿಂದಲೇ ತಾನು ಇಷ್ಟು ವರ್ಷ ಬದುಕಿದ್ದೇನೋ ಎಂದುಕೊಳ್ಳುವಷ್ಟರಲ್ಲಿ ಒಳಗಿನ ಕೋಣೆಯಿಂದ ಅಣ್ಣಾಸಾಹೇಬರು ಕರೆದರು.

“ಬರ್ರಿ, ಕುಂಡ್ರಿ. ಮುಖ ಯಾಕ ಇಷ್ಟ ಸಣ್ಣ ಆಗೇತಿ? ನಾಷ್ಟಾ ಆಗೇತಿಲ್ಲೊ?”

“ಆಗೇತ್ರಿ.” ಅವಳು ಕುರ್ಚಿಯ ತುದಿಯಲ್ಲಿ ಕುಳಿತಳು. “ಸಾಹೇಬ್ರ, ಆ ಹುಡುಗಿ ರೊಕ್ಕ ಇವತ್ತ ಕೊಟ್ಟಬಿಟ್ರ ಹೆಂಗ್ರಿ?”

“ಕೊಡಾಕ ನಂಗೇನ ಧಾಡಿ? ಇಪ್ಪತ್ತೈದು ಸಾವಿರ ಏನ ದೊಡ್ಡದ್ರಿ.” ಅವರು ಅಡಕೆ ಹೋಳು ಬಾಯಿಗೆ ಹಾಕಿಕೊಂಡರು. “ಆದ್ರ ಇವತ್ತ ಕೊಟ್ರ ಮಾರ್ಚದಾಗಿನ ಸಹಿ ಏನಾತು ಅಂತ ಕೇಳ್ತಾರ. ನನ್ನ ಕೇಳೂದಿಲ್ಲ, ನಿಮ್ಮನ್ನ ಕೇಳ್ತಾರ. ವೋಚರ್ ಬರದೋರು ಯಾರು? ನೀವು. ನಾ ನನ್ನ ಸಲುವಾಗಿ ಹೇಳಾಕತ್ತಿಲ್ಲ ನೋಡ್ರಿ, ನಿಮ್ಮ ಸಲುವಾಗಿ ಹೇಳಾಕತ್ತೇನಿ. ನೌಕರಿ ಮಾಡೋ ಹೆಣ್ಮಗಳು ನೀವು.”

“ಖರೆ ರಿ, ಆದ್ರ…”

“ನೀವು ಸುಳ್ಳ ಹೇಳ್ರಿ ಅಂತ ನಾ ಅನ್ನೂದಿಲ್ಲ. ಸಹಿ ಐತೋ ಇಲ್ಲೋ?”

“ಐತ್ರಿ.”

“ಆಕೀ ತಾಯಿದಾ ಹೌದಲ್ಲೋ?”

“ಹೌದ್ರಿ.”

“ಅಷ್ಟ ಹೇಳ್ರಿ. ಮುಗೀತು.” ಎದ್ದು ನಿಂತು, ತಂಗಿಯ ಭುಜಕ್ಕೆ ಕೈಯಿಡುವವರಂತೆ ಕುರ್ಚಿಯ ಬೆನ್ನಿಗೆ ಕೈಯಿಟ್ಟರು. “ನಾವೇನು ಪಗಾರ ತಗೋತೀವೇನು? ಮನಿ ಬಿಟ್ಟು, ಮಠ ಬಿಟ್ಟು, ಮಕ್ಕಳ ಸಲುವಾಗಿ ಓಡ್ಯಾಡೋ ಮಂದಿ. ನಮ್ಮ ಮ್ಯಾಲ ಕಾಗದಾ ಬರೀತಾರಂದ್ರ!”

ಕೆಟ್ಟ ಮನುಷ್ಯನಾಗಿದ್ದರೆ ಸುಲಭವಿತ್ತು. ಹೋದ ವರ್ಷ ಅಸ್ಸಾಮಿನ ಹುಡುಗನೊಬ್ಬನಿಗೆ ಜ್ವರ ಬಂದಾಗ ಸ್ವತಃ ಕಾರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದರು ಇವರು. ಅದನ್ನು ಅವಳು ಕಣ್ಣಾರೆ ಕಂಡಿದ್ದಳು. ಈಗ ಅದನ್ನೇ ನೆನೆಯುತ್ತಿರುವುದು ಯಾಕೆಂದೂ ಅವಳಿಗೆ ಗೊತ್ತಿತ್ತು.

ಗೋಡೆಗೆ ಬಿಳಿ ಪರದೆ ಕಟ್ಟಿದ್ದರು. ಬೇರೆ ರಾಜ್ಯದ ಪ್ರತಿನಿಧಿಗಳು ಅದರಲ್ಲಿ ಸಣ್ಣ ಚೌಕಗಳಾಗಿ ಕುಳಿತಿದ್ದರು. ಒಬ್ಬರ ಹಿಂದೆ ಅಡುಗೆಮನೆ, ಒಬ್ಬರು ಕಾರಿನಲ್ಲಿ, ಒಬ್ಬರು ಸೀಲಿಂಗು ಮಾತ್ರ. ನಂದಾಳ ಕುರ್ಚಿ ವೇದಿಕೆಯ ಕೊನೆಗೆ, ಕೂಲರಿನ ಪಕ್ಕ. ಪರಶುರಾಮ ಪತ್ರ ಓದಿದ. ಮೊದಲು ಕನ್ನಡದಲ್ಲಿ, ಆಮೇಲೆ ಪರದೆಯ ಕಡೆ ತಿರುಗಿ ಹಿಂದಿಯಲ್ಲಿ. ಪತ್ರದಲ್ಲಿ ಒಂದೂ ಕಟುಮಾತು ಇರಲಿಲ್ಲ. ‘ಮಾರ್ಚ್ ಏಳರಂದು ನಾನು ಗೆದ್ದೆ. ಹಣ ಬಂದಿಲ್ಲ. ನಾಲ್ಕು ಸಲ ಫೋನ್ ಮಾಡಿದ್ದೇನೆ. ಜನವರಿಯಲ್ಲಿ ನಾಗಪುರದ ಪಂದ್ಯಕ್ಕೆ ಹೋಗಲು ಈ ಹಣ ಬೇಕು. ಅದಾದ ಮೇಲೆ ನನಗೆ ವಯಸ್ಸು ದಾಟುತ್ತದೆ.’ ನಾಲ್ಕು ಸಲದಲ್ಲಿ ಮೂರು ಸಲ ಫೋನು ಎತ್ತಿದವಳು ನಂದಾ. ನಾಲ್ಕನೆಯ ಸಲ ಮೇಜಿನ ಮೇಲೆ ಅದು ನಡುಗುತ್ತ ನಡುಗುತ್ತ ಅಂಚಿನವರೆಗೆ ಸರಿದು ಸುಮ್ಮನಾಗುವುದನ್ನು ನೋಡುತ್ತ ಕುಳಿತಿದ್ದಳು.

ಪರಶುರಾಮ ನಿಯಮ ಓದಿದ. ಸಂಸ್ಥೆಯ ಮೇಲೆ ಸುಳ್ಳು ಆಪಾದನೆ ಹೊರಿಸಿದ ಆಟಗಾರರನ್ನು ಎರಡು ವರ್ಷ ಪಂದ್ಯಗಳಿಂದ ಹೊರಗಿಡಬಹುದು. ಪರದೆಯೊಳಗಿನ ಅಡುಗೆಮನೆಯವರು ಹಿಂದಿಯಲ್ಲಿ, ಮಗು ಹೇಳುತ್ತಿರುವುದು ನಿಜವೋ ಏನೋ, ಮೊದಲು ಖಜಾಂಚಿಯವರನ್ನು ಕೇಳಿ ಎಂದರು.

ಎಲ್ಲರೂ ಅವಳ ಕಡೆ ತಿರುಗಿದರು. ಕೂಲರಿನ ಗಾಳಿಗೆ ವೋಚರು ಪಟಪಟ ಅನ್ನುತ್ತಿತ್ತು. ಅಂಗೈಯಿಂದ ಅದನ್ನು ಒತ್ತಿಹಿಡಿದಳು. ಇಲ್ಲೂ ಈಗ ಆಟದ ಕೋಣೆಯ ಮೌನವೇ ಇತ್ತು, ಅದೇ ಮೌನ, ಆದರೆ ಗೋಡೆಗೆ ಬೆನ್ನು ಹಚ್ಚಿ ನಿಲ್ಲಲು ಜಾಗವಿರಲಿಲ್ಲ. ಕೊನೆಯ ಸಾಲಿನಿಂದ ಸಂಘಮಿತ್ರಾ ಅವಳನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಎದುರಿನವರು ಯಾವ ಕಾಯಿ ನಡೆಸುತ್ತಾರೆಂದು ಕಾಯುವಾಗ ಇರುತ್ತದಲ್ಲ, ಅಂಥ ನೋಟ. ಅದರಲ್ಲಿ ಮರ್ಯಾದೆಯೂ ಇತ್ತು. ಈ ಹೆಂಗಸು ಸರಿಯಾದದ್ದನ್ನೇ ನಡೆಸುತ್ತಾಳೆ ಎಂದು ಹುಡುಗಿ ನಂಬಿದ್ದಾಳೆ ಎಂದು ನಂದಾಳಿಗೆ ಹೊಳೆಯಿತು.

“ವೋಚರ್ ಇದೆ,” ಎಂದಳು. ಧ್ವನಿ ಚೆನ್ನಾಗಿಯೇ ಬಂತು, ಪಾಠದ ಧ್ವನಿ. “ಪಾಲಕರ ಸಹಿ ಇದೆ.”

“ಅಂದ್ರ ರೊಕ್ಕ ಮುಟ್ಟೇತಿ,” ಎಂದ ಪರಶುರಾಮ.

ಅವಳು ವೋಚರನ್ನು ಎತ್ತಿ ಅವನ ಕೈಗೆ ಕೊಟ್ಟಳು. ಅಷ್ಟೇ. ಅವನು ಅದನ್ನು ಪರದೆಯ ಕ್ಯಾಮೆರಾಕ್ಕೆ ಹಿಡಿದು ತೋರಿಸಿ, ಗುಡ್ಡವ್ವನ ಹತ್ತಿರ ಹೋಗಿ, “ಬೇ, ಇದು ನಿನ್ನ ಸಹಿ ಹೌದಿಲ್ಲೊ ನೋಡು. ನಗದ ಮುಟ್ಟೇತಿ ಅಂತ ಬರದೇತಿ” ಎಂದ. ಗುಡ್ಡವ್ವ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ತನ್ನ ಬರಹವನ್ನು ಇಷ್ಟು ದೊಡ್ಡ ಸಭೆಯಲ್ಲಿ ನೋಡಿದ ಬೆರಗು ಮುಖದಲ್ಲಿ ಒಂದು ಗಳಿಗೆ ಸುಳಿಯಿತು.

“ಹೌದ್ರಿ, ನಂದ ಐತ್ರಿ.”

“ಯವ್ವಾ, ಅದು ಫೋಟೋದ ದಿನಾ…” ಎಂದು ಸಂಘಮಿತ್ರಾ ಎದ್ದಳು.

“ನೀ ಕುಂಡ್ರವಾ. ದೊಡ್ಡವರು ಮಾತಾಡಾಕತ್ತಾರ,” ಅಣ್ಣಾಸಾಹೇಬರು ಮೆತ್ತಗೆ ಹೇಳಿದರು. “ಸಣ್ಣ ಹುಡುಗಿ, ಏನೋ ತಪ್ಪು ತಿಳ್ಕೊಂಡೈತಿ. ಎರಡು ವರ್ಷ ಬ್ಯಾಡ, ಒಂದು ವರ್ಷ ಸಾಕು. ನಾವೇನು ಕಟುಕರಲ್ಲ.” ಕೆಲವರು ಚಪ್ಪಾಳೆ ತಟ್ಟಿದರು. ಪರದೆಯಲ್ಲಿ ಎತ್ತಿದ ಕೈಯ ಸಣ್ಣ ಚಿತ್ರಗಳು ಒಂದೊಂದಾಗಿ ಮೂಡಿದವು. ಒಂದು ವರ್ಷ ಎಂದರೆ ನಾಗಪುರ ಹೋಯಿತು. ನಾಗಪುರ ಹೋದಮೇಲೆ ವಯಸ್ಸು ಹೋಯಿತು. ಇದನ್ನು ಲೆಕ್ಕ ಹಾಕಲು ಅಲ್ಲಿದ್ದ ಯಾರಿಗೂ ಹೊತ್ತು ಹಿಡಿಯುತ್ತಿರಲಿಲ್ಲ. ಮುಂದಿನ ವಿಷಯ: ಲೆಕ್ಕಪತ್ರದ ಮಂಡನೆ. ನಂದಾ ಎದ್ದು ಓದಿದಳು. ಒಂದು ಅಂಕಿಯೂ ತಪ್ಪಲಿಲ್ಲ. ಓದಿ ತಲೆಯೆತ್ತಿದಾಗ ಕೊನೆಯ ಸಾಲು ಖಾಲಿಯಾಗಿತ್ತು.

ಊಟಕ್ಕೆ ಎರಡು ತಾಟು ಹೆಚ್ಚಾದವು. ಪರಶುರಾಮ, “ಮೇಡಮ್ಮಾರ ಲೆಕ್ಕ ಇವತ್ತ ಮೊದಲ್ನೇ ಸಲ ತಪ್ಪೇತಿ ನೋಡ್ರಿ” ಎಂದು ನಗಿಸಿದ.

ತಾಯಿ ಮಗಳು ಮೊದಲು ಬಸ್ಸು ಹತ್ತಿಹೋಗಲಿ ಎಂದು ಅವಳು ಬೇಕೆಂದೇ ತಡಮಾಡಿದಳು. ಕಾಗದ ಜೋಡಿಸಿದಳು, ಬೇಡದ ಚಹಾ ಕುಡಿದಳು, ಯಾರದೋ ಸೊಸೆಯ ಬಾಣಂತನದ ಸುದ್ದಿ ಕೇಳಿದಳು. ಮೂರು ಗಂಟೆಗೆ ನಿಲ್ದಾಣಕ್ಕೆ ಬಂದರೆ ಗೋಕಾಕದ ಬಸ್ಸು ಆಗಷ್ಟೇ ಬಂದು ನಿಂತು, ಬಾಗಿಲಲ್ಲಿ ಹೆಂಗಸರ ಗದ್ದಲವೆದ್ದಿತ್ತು. ನೂಕಾಟದಲ್ಲಿ ಅವಳೂ ಒಳಗೆ ಬಂದಳು. ಒಳಗೆ ಅವರಿಬ್ಬರನ್ನೂ ಕಂಡು ಇಳಿದುಬಿಡಬೇಕೆಂದು ತಿರುಗಿದರೆ ಹಿಂದೆ ದಾರಿಯಿರಲಿಲ್ಲ.

“ಅಕ್ಕೋರ! ಇಲ್ಲೆ ಬರ್ರಿ, ಇಲ್ಲೆ!” ಗುಡ್ಡವ್ವ ಮೂವರ ಸೀಟಿನಲ್ಲಿ ಕೈಚೀಲ ಇಟ್ಟು ಜಾಗ ಹಿಡಿದಿದ್ದಳು. “ಹಿಡದೇನ್ರಿ ನಿಮ್ಮ ಸಲುವಾಗಿ. ಇಷ್ಟ ಮಂದ್ಯಾಗ ಎಲ್ಲಿ ನಿಲ್ತೀರಿ.”

ಕಿಟಕಿಗೆ ಸಂಘಮಿತ್ರಾ, ನಡುವೆ ಗುಡ್ಡವ್ವ, ಈಚೆಗೆ ನಂದಾ. ಗುಡ್ಡವ್ವನ ತೋಳು ತನ್ನ ತೋಳಿಗೆ ಒತ್ತಿಕೊಂಡು ಬೆಚ್ಚಗಿತ್ತು. ನಿರ್ವಾಹಕ ಆಧಾರ್ ಕಾರ್ಡು ನೋಡಿ ಮೂವರಿಗೂ ದುಡ್ಡಿಲ್ಲದ ಟಿಕೇಟು ಹರಿದು ಕೊಟ್ಟು ಹೋದ. ನಂದಾ ಮುಂದಿನ ಸೀಟಿನ ಹಿಂಬದಿಗೆ ಯಾರೋ ಕೆರೆದ ಹೆಸರನ್ನು ಓದಿದಳು: ಶುಭಮ್. ಶುಭಮ್. ಗುಡ್ಡವ್ವ ಮುಖವನ್ನು ಹತ್ತಿರ ತಂದಳು.

“ಅಕ್ಕೋರ, ಒಂದ ಮಾತ ಕೇಳ್ತೇನ್ರಿ. ಸಿಟ್ಟಾಗಬ್ಯಾಡ್ರಿ.” ಧ್ವನಿ ಇಳಿಸಿದಳು. “ರೊಕ್ಕಾ ನೀವು ಇವರಪ್ಪನ ಕೈಯಾಗ ಕೊಟ್ರೇನ್ರಿ?”

ನಂದಾ ಅವಳ ಕಡೆ ತಿರುಗಿದಳು.

“ಅಲ್ಲ, ಉಗಾದಿ ಆದ ಮ್ಯಾಲ ಗಾಡಿ ತಂದಾನ್ರಿ ಅಂವಾ. ಹಳೇದು. ರೊಕ್ಕ ಎಲ್ಲೀದು ಅಂದ್ರ, ಮೇಸ್ತ್ರಿ ಕಡೆ ಮುಂಗಡ ತಗೊಂಡೇನಿ ಅಂದ. ನಾ ನಂಬಿದ್ಯಾ. ಈಗ ನೀವು ಅಷ್ಟ ಮಂದ್ಯಾಗ ನಗದ ಮುಟ್ಟೇತಿ ಅಂದ್ರಿ. ನೀವು ಸುಳ್ಳ ಯಾಕ ಹೇಳ್ತೀರಿ, ಕಲ್ತೋರು. ಅಂದ ಮ್ಯಾಲ ಅಂವನ ತಗೊಂಡಿರಬೇಕು. ಮಗಳ ರೊಕ್ಕಾ ತಿಂದ ಕೂತಾನ, ಆಕೀಗೆ ಇವತ್ತ ಇಷ್ಟ ಮಂದ್ಯಾಗ ಮಾನಾ ಹೋತು. ಹೇಳ್ರಿ ಅಕ್ಕೋರ, ನಾ ಅಲ್ಲಿ ಹೋಗಿ ಜಗಳಾ ತಗಿಯೂದಿಲ್ಲ. ಗೊತ್ತಾದ್ರ ಸಾಕು.”

ಕಿಟಕಿಯ ಕಡೆ ಮುಖ ಮಾಡಿದ್ದ ಸಂಘಮಿತ್ರಾ ತಿರುಗಿರಲಿಲ್ಲ, ಆದರೆ ಅವಳ ಕಿವಿಯ ಹಿಂದಿನ ನರ ಬಿಗಿದಿತ್ತು. ನಂದಾ ಆ ಮನೆಯನ್ನು ಕಂಡಳು. ಗೂಟ, ಹಾಸು, ಹೊಸ್ತಿಲ ಹೊರಗೆ ನಿಲ್ಲಿಸಿದ ಹಳೆಯ ಗಾಡಿ. ಸಂಜೆ ಗಾರೆಯ ಕೈ ತೊಳೆದುಕೊಂಡು ಬಂದು ಕೂರುವ ಯಲ್ಲಾರಿ, ಅವನ ಮುಂದೆ ತಾಟು ಇಡುತ್ತ ಮುಖ ನೋಡದ ಹೆಂಡತಿ. ಅವನು ಇಲ್ಲ ಎಂದರೆ ಇವಳು ನಂಬುವುದಿಲ್ಲ. ಇನ್ನು ಹತ್ತು ವರ್ಷ ನಂಬುವುದಿಲ್ಲ.

“ಇಲ್ಲ,” ಎಂದಳು. ಒಂದೇ ಉಸಿರಿಗೆ ಬಂತು. “ನಿಮ್ಮ ಯಜಮಾನ್ರು ತಗೊಂಡಿಲ್ಲ. ಯಾರಿಗೂ ಕೊಟ್ಟಿಲ್ಲ ಅವ್ವಾ. ರೊಕ್ಕ ನಾವು ಕೊಟ್ಟಾ ಇಲ್ಲ.”

ಗುಡ್ಡವ್ವ ಅವಳನ್ನೇ ನೋಡಿದಳು. ನಂದಾ ಬೈಗಳಕ್ಕೆ ಕಾದಳು. ಬೈದರೆ ಚೆನ್ನಾಗಿತ್ತು, ಬಸ್ಸಿನವರೆಲ್ಲ ತಿರುಗಿ ನೋಡಲಿ. ಆದರೆ ಗುಡ್ಡವ್ವನ ಮುಖ ಮೆಲ್ಲಗೆ ಸಡಿಲಾಯಿತು. ಸೆರಗಿನಿಂದ ಬಾಯಿ ಒತ್ತಿಕೊಂಡು, “ಹಂಗಾದ್ರ ಅಂವಾ ತಿಂದಿಲ್ಲ” ಎಂದಳು. ಮತ್ತೆ, “ಭಾಳ ಪುಣ್ಯಾ ಬರ್ತೈತ್ರಿ ಅಕ್ಕೋರ ನಿಮಗ. ನಾ ಏನೇನೋ ತಿಳ್ಕೊಂಡಿದ್ಯಾ” ಎಂದು ನಂದಾಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಒರಟು ಕೈ. ಬಿಡಿಸಿಕೊಳ್ಳಲಾಗಲಿಲ್ಲ.

“ಮೇಡಮ್.” ಸಂಘಮಿತ್ರಾ ತಿರುಗಿದ್ದಳು. ಅವಳ ಕೈಯಲ್ಲಿ ಮೊಬೈಲು, ಪರದೆಯ ಮೇಲೆ ಒಂದು ಕೆಂಪು ಚುಕ್ಕೆ, ಅದರ ಕೆಳಗೆ ಓಡುವ ಸೆಕೆಂಡುಗಳು. “ಅದನ್ನ ಇನ್ನೊಮ್ಮೆ ಹೇಳ್ರಿ. ನಿಮ್ಮ ಹೆಸರು ಹೇಳಿ, ಆಮ್ಯಾಲ ಹೇಳ್ರಿ. ಹನ್ನೊಂದು ಮಂದಿಗೂ ಕಳಸ್ತೇನಿ. ನಾಗಪುರಕ್ಕ ಹೆಸರು ಕೊಡಾಕ ಇನ್ನೂ ಒಂಬತ್ತು ದಿನಾ ಅದಾವು.”

ಬೇಡಿಕೊಳ್ಳುವ ಧ್ವನಿಯಲ್ಲ, ಹೆದರಿಸುವ ಧ್ವನಿಯೂ ಅಲ್ಲ. ನಂದಾ ಗಂಟಲು ಸರಿಮಾಡಿಕೊಂಡಳು. ಸೆಕೆಂಡುಗಳು ಓಡುತ್ತಿದ್ದವು, ಓಡುವ ಅಂಕಿಗಳನ್ನು ನೋಡಿದೊಡನೆ ಒಳಗಿನ ಹೆಂಗಸು, ಎಂದಿನ ಆ ಎಚ್ಚರದ ಹೆಂಗಸು, ಎದ್ದು ಕುಳಿತಳು. “ನಾನು ನಂದಾ, ಪರಿಷತ್ತಿನ ಗೌರವ ಖಜಾಂಚಿ,” ಎಂದು ಶುರುಮಾಡಿದಳು, “ಮಾರ್ಚ್ ತಿಂಗಳ ಪಂದ್ಯಾವಳಿಗೆ ಸಂಬಂಧಪಟ್ಟಂತೆ, ನನ್ನ ಗಮನಕ್ಕೆ ಬಂದಿರುವ ಮಟ್ಟಿಗೆ, ಕೆಲವು ಬಹುಮಾನಗಳ ಪಾವತಿಯಲ್ಲಿ…”

ಸಂಘಮಿತ್ರಾ ಹೆಬ್ಬೆರಳಿನಿಂದ ನಿಲ್ಲಿಸಿದಳು.

“ಹಿಂಗಲ್ರಿ. ಈಗ ಅವ್ವಗ ಹೇಳಿದ್ರೆಲ್ಲ, ಹಂಗ.”

ಮತ್ತೆ ಕೆಂಪು ಚುಕ್ಕೆ. “ಹೇಳ್ರಿ ಅಕ್ಕೋರ, ಹೇಳ್ರಿ,” ಗುಡ್ಡವ್ವ ಮಗಳಿಗೆ ಸಹಾಯ ಮಾಡುವ ಉತ್ಸಾಹದಲ್ಲಿ ಹೇಳಿದಳು. “ನಾವು ಕೊಟ್ಟಾ ಇಲ್ಲ ಅಂತ ಅಂದ್ರೆಲ್ಲ, ಅಷ್ಟ.” ಮೂರೇ ಮಾತು. ಬಾಯಿ ತೆರೆದಿತ್ತು ಕೂಡ. ಆ ಮೂರು ಮಾತಿನ ಹಿಂದೆ ಮೂವತ್ತಾರು ವೋಚರುಗಳು, ಪ್ರಾಂಶುಪಾಲರ ಕೋಣೆಯ ಹಸಿರು ಪರದೆ, ಸೋಮಲಿಂಗನ ಕೈಯಲ್ಲಿ ಹರಡಿದ ಪತ್ರಿಕೆ, ಅದರಲ್ಲಿ ತನ್ನ ಹೆಸರು, ವಯಸ್ಸು. ಹುಡುಗಿ ಮೊಬೈಲು ಹಿಡಿದುಕೊಂಡೇ ಇದ್ದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಫೋನಿನಲ್ಲಿ ಬಸ್ಸಿನ ಇಂಜಿನ್ನಿನ ಸದ್ದು ಮಾತ್ರ ತುಂಬಿಕೊಳ್ಳುತ್ತಿತ್ತು. “ಘಟಪ್ರಭಾ, ಘಟಪ್ರಭಾ ಇಳಿಯೋರು!” ಎಂದು ನಿರ್ವಾಹಕ ಕೂಗಿದ.

ನಂದಾ ಎದ್ದಳು. ಯಾಕೆ ಎದ್ದೆನೆಂದು ತಿಳಿಯುವ ಮೊದಲೇ ಚೀಲ ಎದೆಗವಚಿಕೊಂಡು, ಯಾರದೋ ಕಾಲು ತುಳಿದು, ಯಾರದೋ ಬುಟ್ಟಿ ದಾಟಿ, ಬಾಗಿಲಿಗೆ ಬಂದಿದ್ದಳು. ಇಳಿದಾಗ ನೆಲ ಇನ್ನೂ ಓಡುತ್ತಿರುವಂತೆನಿಸಿತು. ಶೇಂಗಾ ಮಾರುವವರು ಕಿಟಕಿಗಳಿಗೆ ಮುಗಿಬಿದ್ದರು. ಅವರ ತಲೆಗಳ ಮೇಲಿನಿಂದ ಗುಡ್ಡವ್ವನ ಕೈ ಹೊರಬಂತು.

“ಅಕ್ಕೋರ! ಅಯ್ಯ, ಇದು ಗೋಕಾಕ ಅಲ್ರೀ! ಹತ್ರಿ, ಹತ್ರಿ, ಬಸ್ ಬಿಡ್ತೈತಿ!”

ಮುಂದಿನ ಕಿಟಕಿಯವರು ನಕ್ಕರು. ನಿರ್ವಾಹಕ ಬಾಗಿಲಲ್ಲಿ ನಿಂತು, ಹತ್ತುತ್ತಾಳೋ ಇಲ್ಲವೋ ಎಂದು ಅವಳನ್ನೇ ನೋಡುತ್ತಿದ್ದ. ಒಳಗೆ ಸಂಘಮಿತ್ರಾ ತಲೆ ಬಗ್ಗಿಸಿಕೊಂಡು ಮೊಬೈಲಿನಲ್ಲಿ ಏನೋ ಒತ್ತುತ್ತಿದ್ದಳು. ನಂದಾ ಗುಡ್ಡವ್ವನ ಕಡೆ ನೋಡಿ ತಲೆಯಾಡಿಸಿದಳು, ತನಗೆ ಇಲ್ಲೇ ಸ್ವಲ್ಪ ಕೆಲಸವಿದೆ ಎನ್ನುವ ಹಾಗೆ.